ಬಯಲುಸೀಮೆಯ ಪಯಣಕ್ಕೆ ಜಿ.ಪಿ.ಎಸ್. ಉಪಕರಣ: ಆಯ್ಕೆಯ ವಿವೇಚನೆ

ಮಾಘಮಾಸ ಬಂದಿತೆಂದರೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕಕ್ಕೂ ಕೊಟ್ಟೂರಿನ ಶ್ರೀ ಗುರು ಬಸವೇಶ್ವರ ಸ್ವಾಮಿಯ ರಥೋತ್ಸವಕ್ಕೂ ಜನರು ಊರೂರುಗಳಿಂದ ಹೊರಡುವುದುಂಟು. ಕಾಲ್ನಡಿಗೆಯವರೂ ಬಂಡಿ ಕಟ್ಟಿದವರೂ ದಾರಿಯನ್ನು ಕೇಳಿಕೊಂಡೇ ಸಾಗುತ್ತಿದ್ದ ಕಾಲವೊಂದಿತ್ತು. ಕೇಳಿದವರಿಗೆ ದೊರೆಯುತ್ತಿದ್ದ ಉತ್ತರವೂ ಆ ನೆಲದ್ದೇ ಆಗಿತ್ತು: ಇಂಥ ಊರು ಎರಡು ಹರದಾರಿ, ಇಂಥ ಹಟ್ಟಿ ಒಂದು ಕೂಗಳತೆ, ಕೆರೆಯ ಏರಿ ಇಳಿದು ಬೇವಿನ ಮರದ ಬಳಿ ಮೂಡಲಿಗೆ ತಿರುಗಬೇಕು, ಹಳ್ಳದಲ್ಲಿ ನೀರಿದ್ದರೆ ಮೇಲಿನ ದಾರಿ ಹಿಡಿಯಬೇಕು. ಈ ಉತ್ತರದಲ್ಲಿ ದೂರವಿತ್ತು, ದಿಕ್ಕಿತ್ತು, ಗುರುತಿತ್ತು. ಅವೆಲ್ಲಕ್ಕೂ ಮಿಗಿಲಾಗಿ ಆ ಹೊತ್ತಿನಲ್ಲಿ ದಾರಿ ಹೇಗಿದೆಯೆಂಬ ಅರಿವಿತ್ತು.

ಇಂದು ಅದೇ ದಾರಿಗಳಲ್ಲಿ ತರುಣರು ಮೋಟಾರ್ ಸೈಕಲ್ ಏರಿ ಹೋಗುತ್ತಾರೆ. ದಾರಿ ಕೇಳುವ ಬದಲು ಅಂಗೈಯಗಲದ ಯಂತ್ರವೊಂದನ್ನು ನೋಡುತ್ತಾರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಪ್ರವಾಸ ಕೈಗೊಳ್ಳುವವರಿಗೂ, ವಿದ್ಯಾರ್ಥಿಗಳನ್ನು ಕ್ಷೇತ್ರಾಧ್ಯಯನಕ್ಕೆ ಕರೆದೊಯ್ಯುವ ಉಪಾಧ್ಯಾಯರಿಗೂ, ಶಾಲೆಗೊಂದು ಉಪಯುಕ್ತ ವಸ್ತುವನ್ನು ಕೊಡಬಯಸುವ ದಾನಿಗಳಿಗೂ ಇಂಥ ಯಂತ್ರಗಳಲ್ಲಿ ಯಾವುದು ತಕ್ಕುದೆಂಬ ಪ್ರಶ್ನೆ ಏಳುವುದು ಸಹಜ. ಬೆಲೆ ಹೆಚ್ಚಾದುದೇ ಮೇಲೆಂದು ಭಾವಿಸಿ ಕೊಂಡವರು ಹಣವನ್ನು ಕಳೆದುಕೊಳ್ಳುವರು. ಯಂತ್ರವನ್ನೇ ನಂಬಿ ನೆಲವನ್ನು ಮರೆತವರು ಇರುಳಿನಲ್ಲಿ ಎರೆಹೊಲದ ನಡುವೆ ಉಳಿಯುವರು. ಆದುದರಿಂದ ಯಂತ್ರವು ಏನನ್ನು ಬಲ್ಲುದು, ಏನನ್ನು ಅರಿಯದು ಎಂಬುದನ್ನು ಮೊದಲು ತಿಳಿದು, ಬಳಿಕ ಆಯ್ಕೆಗೆ ತೊಡಗುವುದೇ ಸರಿಯಾದ ಕ್ರಮ.

ಯಂತ್ರವು ಮಾಡುವ ಕೆಲಸ

ಜಿ.ಪಿ.ಎಸ್. ಎಂಬುದು ಅಮೆರಿಕ ದೇಶವು ಸ್ಥಾಪಿಸಿದ ಉಪಗ್ರಹ ವ್ಯವಸ್ಥೆ. ಇದರ ಮೊದಲ ಉಪಗ್ರಹವು ೧೯೭೮ರಲ್ಲಿ ಹಾರಿತು. ೨೪ ಉಪಗ್ರಹಗಳ ಪೂರ್ಣ ವ್ಯವಸ್ಥೆಯು ೧೯೯೫ರಲ್ಲಿ ಬಳಕೆಗೆ ಸಿದ್ಧವಾಯಿತು. ಈ ಉಪಗ್ರಹಗಳು ಸುಮಾರು ೨೦,೨೦೦ ಕಿಲೋಮೀಟರು ಎತ್ತರದಲ್ಲಿದ್ದು, ಹೆಚ್ಚುಕಡಿಮೆ ೧೨ ಗಂಟೆಗಳಿಗೊಮ್ಮೆ ಭೂಮಿಯನ್ನು ಸುತ್ತುತ್ತವೆ. ಪ್ರತಿಯೊಂದರಲ್ಲಿಯೂ ಪರಮಾಣು ಗಡಿಯಾರವಿದೆ. ಉಪಗ್ರಹವು ತಾನಿರುವ ಸ್ಥಾನವನ್ನೂ ಕಾಲವನ್ನೂ ಎಡೆಬಿಡದೆ ಸಾರುತ್ತಿರುತ್ತದೆ. ಆ ಸಂಕೇತವು ತಲುಪಲು ಹಿಡಿದ ಕಾಲದಿಂದ ಕೈಯಲ್ಲಿರುವ ಯಂತ್ರವು ದೂರವನ್ನು ಎಣಿಸುತ್ತದೆ. ಅಕ್ಷಾಂಶ, ರೇಖಾಂಶ, ಎತ್ತರ ಮತ್ತು ಯಂತ್ರದ ಗಡಿಯಾರದ ತಪ್ಪು ಎಂಬ ನಾಲ್ಕು ಅಜ್ಞಾತಗಳನ್ನು ಬಿಡಿಸಬೇಕಾಗಿರುವುದರಿಂದ ನಾಲ್ಕು ಉಪಗ್ರಹಗಳಾದರೂ ಕಾಣಬೇಕು. ಕಾಲದ ಎಣಿಕೆಯಲ್ಲಿ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೂ ದೂರದಲ್ಲಿ ೩೦೦ ಮೀಟರುಗಳ ವ್ಯತ್ಯಾಸ ಬೀಳುವುದೆಂದರೆ ಈ ಗಡಿಯಾರಗಳ ಸೂಕ್ಷ್ಮತೆಯನ್ನು ಊಹಿಸಿಕೊಳ್ಳಬಹುದು.

ಸಾಮಾನ್ಯ ಜನರಿಗೆ ದೊರೆಯುವ ಸಂಕೇತದಲ್ಲಿ ಬೇಕೆಂದೇ ಬೆರೆಸಲಾಗಿದ್ದ ತಪ್ಪನ್ನು ಅಮೆರಿಕ ಸರ್ಕಾರವು ೨೦೦೦ದ ಮೇ ತಿಂಗಳಲ್ಲಿ ತೆಗೆದುಹಾಕಿತು. ಅಂದಿನಿಂದ ಬಯಲಿನಲ್ಲಿ ಕೆಲವೇ ಮೀಟರುಗಳ ನಿಖರತೆ ಸಾಮಾನ್ಯವಾಯಿತು. ಈಗ ರಷ್ಯದ ಗ್ಲೋನಾಸ್, ಯೂರೋಪಿನ ಗೆಲಿಲಿಯೊ, ಚೀನದ ಬೈಡೂ ವ್ಯವಸ್ಥೆಗಳೂ ಇವೆ. ಭಾರತದ ಸ್ವಂತ ವ್ಯವಸ್ಥೆಯಾದ ನಾವಿಕ್‌ನ ಮೊದಲ ಉಪಗ್ರಹವು ೨೦೧೩ರ ಜುಲೈ ೧ರಂದೂ, ಮೊದಲ ಶ್ರೇಣಿಯ ಏಳನೆಯದು ೨೦೧೬ರ ಏಪ್ರಿಲ್ ೨೮ರಂದೂ ಹಾರಿದವು. ಇದರ ಸಂಚಾರಕೇಂದ್ರವು ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿಯೂ ಉಪಗ್ರಹಗಳ ಪ್ರಧಾನ ನಿಯಂತ್ರಣಾಲಯವು ಹಾಸನದಲ್ಲಿಯೂ ಇರುವುದು ಕನ್ನಡಿಗರು ಹೆಮ್ಮೆಪಡುವ ಸಂಗತಿ. ಆದರೆ ಮೊದಲ ಶ್ರೇಣಿಯ ಹಲವು ಉಪಗ್ರಹಗಳ ಗಡಿಯಾರಗಳು ಕೆಟ್ಟವು. ೨೦೨೫ರ ಜನವರಿಯಲ್ಲಿ ಹಾರಿಸಿದ ಎನ್.ವಿ.ಎಸ್.-೦೨ ಉದ್ದೇಶಿತ ಕಕ್ಷೆಯನ್ನು ಸೇರಲಿಲ್ಲ. ಆದುದರಿಂದ ಒಂದೇ ವ್ಯವಸ್ಥೆಯನ್ನು ನೆಚ್ಚುವ ಯಂತ್ರಕ್ಕಿಂತ ಹಲವು ವ್ಯವಸ್ಥೆಗಳ ಸಂಕೇತವನ್ನು ಒಟ್ಟಿಗೆ ಹಿಡಿಯಬಲ್ಲ ಯಂತ್ರವೇ ಲೇಸು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸುವುದು ಅಗತ್ಯ. ಮೊಬೈಲಿಗೆ ಟವರಿನ ಸಂಪರ್ಕವಿಲ್ಲದಿದ್ದರೆ ಜಿ.ಪಿ.ಎಸ್. ನಡೆಯದೆಂದು ಅನೇಕರು ಭಾವಿಸುತ್ತಾರೆ. ಇದು ನಿಜವಲ್ಲ. ಸಂಕೇತವು ಬರುವುದು ಆಕಾಶದಿಂದಲೇ ಹೊರತು ಟವರಿನಿಂದಲ್ಲ. ಟವರಿಲ್ಲದೆಡೆ ಮೊದಲ ಸ್ಥಾನನಿರ್ಣಯಕ್ಕೆ ತುಸು ಹೆಚ್ಚು ಹೊತ್ತು ಹಿಡಿಯಬಹುದು. ಮೊದಲೇ ಇಳಿಸಿಕೊಂಡಿರದ ನಕಾಶೆಯು ತೆರೆಯ ಮೇಲೆ ಮೂಡದಿರಬಹುದು. ಸ್ಥಾನದ ಅಂಕಿಗಳಂತೂ ದೊರೆತೇ ದೊರೆಯುತ್ತವೆ.

ಸ್ಥಾನ ಬೇರೆ, ದಾರಿ ಬೇರೆ

ಯಂತ್ರವು ನಿಂತ ಸ್ಥಾನವನ್ನು ಬಲ್ಲುದು. ದಾರಿಯನ್ನು ಹೇಳುವುದು ಅದರೊಳಗಿನ ನಕಾಶೆ. ನಕಾಶೆಯನ್ನು ಬರೆದವರು ಮನುಷ್ಯರು. ಅವರು ಕಾಣದುದು, ಕಂಡ ಬಳಿಕ ಬದಲಾದುದು ಅದರಲ್ಲಿರುವುದಿಲ್ಲ. ಈ ಐದು ತಾಲ್ಲೂಕುಗಳ ನೆಲವನ್ನು ನೋಡಿದರೆ ಈ ಮಾತಿನ ಅರ್ಥವು ಸ್ಪಷ್ಟವಾಗುತ್ತದೆ.

ಮೊದಲನೆಯದು ಮಣ್ಣು. ಬೇಸಗೆಯಲ್ಲಿ ಎರೆಹೊಲದ ಬಂಡಿಜಾಡು ಸಿಮೆಂಟಿನಂತೆ ಗಟ್ಟಿ. ಒಂದು ಹದವಾದ ಮಳೆ ಬಿದ್ದರೆ ಅದೇ ಜಾಡಿನಲ್ಲಿ ಎರೆಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಮೋಟಾರ್ ಸೈಕಲ್ ಅಲುಗದಂತಾಗುತ್ತದೆ. ಮಸಾರಿ ನೆಲದಲ್ಲಿ ಈ ತೊಂದರೆ ಕಡಿಮೆ. ಮಳೆ ನಿಂತ ಸ್ವಲ್ಪ ಹೊತ್ತಿನಲ್ಲಿಯೇ ದಾರಿ ನಡೆಯುತ್ತದೆ. ಯಂತ್ರಕ್ಕೆ ಎರೆ ಯಾವುದು, ಮಸಾರಿ ಯಾವುದು ಎಂಬ ಭೇದವಿಲ್ಲ. ಅತ್ಯಂತ ಹತ್ತಿರದ ದಾರಿಯನ್ನು ತೋರಿಸೆಂದರೆ ಅದು ಎರಡನ್ನೂ ಒಂದೇ ಬಗೆಯ ಗೆರೆಯಾಗಿ ತೋರಿಸುತ್ತದೆ.

ಎರಡನೆಯದು ನೀರು. ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಪಡುವಣ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ಯಂತ್ರದ ಬಾಣವು ಹೊಳೆಯ ಆಚೆಯ ಊರನ್ನು ಕೂಗಳತೆಯಲ್ಲಿದೆಯೆಂದು ತೋರಿಸಿದರೂ ಸೇತುವೆಗೆ ಬಹುದೂರ ಸುತ್ತಬೇಕಾದೀತು. ಹಗರಿಬೊಮ್ಮನಹಳ್ಳಿಯ ಕಡೆ ತುಂಗಭದ್ರಾ ಜಲಾಶಯದ ಹಿನ್ನೀರು ಮಳೆಗಾಲದ ಕೊನೆಯಲ್ಲಿ ಹರಡಿ, ಬೇಸಗೆಯಲ್ಲಿ ಹಿಂದೆ ಸರಿಯುತ್ತದೆ. ಸರಿದ ನೆಲದಲ್ಲಿ ದನ-ಕುರಿಗಳೂ ವಾಹನಗಳೂ ಓಡಾಡಿದ ಜಾಡುಗಳು ಮೂಡುತ್ತವೆ. ನಕಾಶೆಯಲ್ಲಿ ಹನ್ನೆರಡು ತಿಂಗಳೂ ಒಂದೇ ನೀಲಿ ಬಣ್ಣ. ಈ ತಾಲ್ಲೂಕಿನ ಅಂಕಸಮುದ್ರ ಪಕ್ಷಿಧಾಮವು ೨೦೨೪ರಲ್ಲಿ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ಹಕ್ಕಿಗಳನ್ನು ನೋಡಲು ಅಲ್ಲಿಗೆ ಹೋಗುವವರು ಕೆರೆಯ ಏರಿಯ ಸ್ಥಿತಿಯನ್ನು ಊರವರಿಂದ ತಿಳಿದೇ ಮುಂದುವರಿಯುವುದು ಕ್ಷೇಮ.

ಮೂರನೆಯದು ಕಲ್ಲುಗುಡ್ಡ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಸುತ್ತ ೨೦೧೩ರಲ್ಲಿ ಕರಡಿಧಾಮ ಘೋಷಿತವಾಯಿತು. ಅಲ್ಲಿ ಅನುಮತಿಯಿಲ್ಲದೆ ಅಡ್ಡದಾರಿ ಹಿಡಿಯುವುದು ನಿಯಮಕ್ಕೂ ವಿರೋಧ, ಪ್ರಾಣಕ್ಕೂ ಅಪಾಯ. ಹೆಬ್ಬಂಡೆಗಳ ಸಂದಿಯಲ್ಲಿ ಸಂಕೇತವು ಬಂಡೆಗೆ ತಾಕಿ ಪ್ರತಿಫಲಿಸಿ ಬರುವುದರಿಂದ ಯಂತ್ರವು ತೋರಿಸುವ ಸ್ಥಾನವು ಹಲವು ಮೀಟರು ಅತ್ತಿತ್ತ ಜರುಗುವುದೂ ಉಂಟು.

ನಾಲ್ಕನೆಯದು ಹೆಸರು. ಹೊಸಹಳ್ಳಿ ಎಂಬ ಹೆಸರಿನ ಊರುಗಳು ಕರ್ನಾಟಕದಲ್ಲಿ ಎಷ್ಟೋ ಇವೆ. ಹಟ್ಟಿಗಳೂ ತಾಂಡಾಗಳೂ ಅನೇಕ ನಕಾಶೆಗಳಲ್ಲಿ ಕಾಣುವುದೇ ಇಲ್ಲ; ಕಂಡರೂ ಅಲ್ಲಿಯವರು ಕರೆಯುವ ಹೆಸರಿನಲ್ಲಿರುವುದಿಲ್ಲ. ಹೆಸರಿನಿಂದ ಹುಡುಕಿದ ಊರು ತಲುಪಬೇಕಾದ ಊರೇ ಎಂದು ತಾಲ್ಲೂಕಿನ ಹೆಸರನ್ನೂ ನೆರೆಯ ಊರನ್ನೂ ಹೋಲಿಸಿ ನೋಡದೆ ಹೊರಡಬಾರದು.

ಮೂರು ಬಗೆಯ ಉಪಕರಣಗಳು

ಮಾರುಕಟ್ಟೆಯಲ್ಲಿ ದೊರೆಯುವ ಉಪಕರಣಗಳನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು.

ಒಂದನೆಯದು ಎಲ್ಲರ ಕೈಯಲ್ಲಿರುವ ಮೊಬೈಲ್. ಇದರ ಲಾಭವೆಂದರೆ ಬೇರೆ ಹಣ ಬೇಕಿಲ್ಲ, ತೆರೆ ದೊಡ್ಡದು, ಕನ್ನಡ ಅಕ್ಷರಗಳು ಚೆನ್ನಾಗಿ ಮೂಡುತ್ತವೆ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಾರ್ವಜನಿಕ ನಕಾಶೆಯನ್ನು ಆಧರಿಸಿದ ಆಪ್‌ಗಳಲ್ಲಿ ಇಡೀ ಪ್ರದೇಶದ ನಕಾಶೆಯನ್ನು ಮನೆಯಲ್ಲಿಯೇ ಇಳಿಸಿಕೊಂಡು ಟವರಿಲ್ಲದೆಡೆಯೂ ಬಳಸಬಹುದು. ಕೊರತೆಗಳೂ ಇವೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಹ್ಯಾಂಡಲ್ ಮೇಲಿಟ್ಟ ಮೊಬೈಲ್ ಕಾದು ತಾನಾಗಿಯೇ ಆರಿಹೋಗುವುದುಂಟು. ಎಂಜಿನ್ನಿನ ಕಂಪನವು ಮೊಬೈಲಿನ ಕ್ಯಾಮೆರಾವನ್ನು ಕೆಡಿಸಬಹುದೆಂದು ಆಪಲ್ ಸಂಸ್ಥೆಯೇ ೨೦೨೧ರ ಸೆಪ್ಟೆಂಬರಿನಲ್ಲಿ ತನ್ನ ಬಳಕೆದಾರರನ್ನು ಎಚ್ಚರಿಸಿತು. ಎಲ್ಲಕ್ಕಿಂತ ಮುಖ್ಯವಾದುದೆಂದರೆ, ದಾರಿ ನೋಡುತ್ತ ಬ್ಯಾಟರಿ ಮುಗಿದರೆ ಆಪತ್ತಿನಲ್ಲಿ ಕರೆ ಮಾಡುವ ಸಾಧನವೂ ಮುಗಿದಂತೆ.

ಎರಡನೆಯದು ಮೋಟಾರ್ ಸೈಕಲ್‌ಗೆಂದೇ ತಯಾರಿಸಿದ ಯಂತ್ರ. ಗಾರ್ಮಿನ್ ಸಂಸ್ಥೆಯ ಜೂಮೊ ಶ್ರೇಣಿಯು ಇದಕ್ಕೆ ಉದಾಹರಣೆ. ಕಂಪನ, ಧೂಳು, ಮಳೆಗಳನ್ನು ತಾಳುವ ಕವಚ, ಬಿಸಿಲಿನಲ್ಲಿಯೂ ಕಾಣುವ ತೆರೆ, ಕೈಗವಸು ತೊಟ್ಟು ಒತ್ತಬಹುದಾದ ಗುಂಡಿಗಳ ಚಿತ್ರ, ವಾಹನದ ಬ್ಯಾಟರಿಯಿಂದಲೇ ವಿದ್ಯುತ್ತು ಪಡೆಯುವ ಏರ್ಪಾಡು ಇದರ ಗುಣಗಳು. ಬೆಲೆ ಹೆಚ್ಚು. ವಾಹನದಿಂದ ಬಿಡಿಸಿದರೆ ಇದರ ಒಳಗಿನ ಬ್ಯಾಟರಿ ಕೆಲವೇ ಗಂಟೆಗಳದ್ದು. ಗುಡ್ಡ ಹತ್ತುವವರಿಗೆ ಇದು ಹೊರೆಯೇ ಸರಿ. ತಿಂಗಳುಗಟ್ಟಲೆ ರಾಜ್ಯದಿಂದ ರಾಜ್ಯಕ್ಕೆ ಸಂಚರಿಸುವವರಿಗೆ ಇದು ಒಪ್ಪುತ್ತದೆ. ವರ್ಷಕ್ಕೆರಡು ಬಾರಿ ಪ್ರವಾಸ ಮಾಡುವವರಿಗೆ ಈ ವೆಚ್ಚ ಅನಗತ್ಯ.

ಮೂರನೆಯದು ಕೈಯಲ್ಲಿ ಹಿಡಿಯುವ ಗುಂಡಿಗಳುಳ್ಳ ಯಂತ್ರ. ಅದೇ ಸಂಸ್ಥೆಯ ಇಟ್ರೆಕ್ಸ್, ಜಿ.ಪಿ.ಎಸ್.ಮ್ಯಾಪ್ ಶ್ರೇಣಿಗಳು ಈ ವರ್ಗದವು. ಉದಾಹರಣೆಗೆ, ಇಟ್ರೆಕ್ಸ್ ೨೨ ಎಕ್ಸ್ ಎಂಬುದು ಎರಡು ಪೆನ್ಸಿಲ್ ಸೆಲ್ಲುಗಳಿಂದ ೨೫ ಗಂಟೆಗಳ ಕಾಲ ನಡೆಯುವುದೆಂದು ತಯಾರಕರ ಲೆಕ್ಕ. ಇಂಥ ಸೆಲ್ಲು ಹಳ್ಳಿಯ ಅಂಗಡಿಯಲ್ಲಿಯೂ ದೊರೆಯುವುದೆಂಬುದು ಸಣ್ಣ ಅನುಕೂಲವಲ್ಲ. ತೆರೆ ಚಿಕ್ಕದು, ಅಕ್ಷರಗಳನ್ನು ಒಂದೊಂದಾಗಿ ಗುಂಡಿಯಿಂದ ಆರಿಸಬೇಕು, ಕನ್ನಡ ಹೆಸರುಗಳು ಮೂಡುವುವೆಂಬ ಭರವಸೆಯಿಲ್ಲ. ಆದರೆ ಹೊಲ, ಗುಡ್ಡ, ಹಳ್ಳ, ಹಾಳು ದೇಗುಲಗಳ ಕೆಲಸಕ್ಕೆ ಇದರಷ್ಟು ಗಟ್ಟಿಯಾದುದು ಮತ್ತೊಂದಿಲ್ಲ.

ಕೊಳ್ಳುವ ಮುನ್ನ ಮಾಡಬೇಕಾದ ಪರೀಕ್ಷೆ

ಅಂಗಡಿಯ ನೆರಳಿನಲ್ಲಿ ಎಲ್ಲ ತೆರೆಗಳೂ ಹೊಳೆಯುತ್ತವೆ. ಆದುದರಿಂದ ಯಂತ್ರವನ್ನು ನಡುಹಗಲಿನ ಬಿಸಿಲಿಗೆ ಒಯ್ದು ನೋಡಬೇಕು. ಬಿಸಿಲಿನಲ್ಲಿ ಓದಲಾಗದ ತೆರೆಯು ಈ ಸೀಮೆಗೆ ಸಲ್ಲದು. ಕೈಗವಸು ತೊಟ್ಟು ಗುಂಡಿಯನ್ನೊತ್ತಿ ನೋಡಬೇಕು. ಐ.ಪಿ.ಎಕ್ಸ್.೭ ಎಂಬ ಗುರುತಿದ್ದರೆ, ಒಂದು ಮೀಟರು ನೀರಿನಲ್ಲಿ ಅರ್ಧ ಗಂಟೆ ಮುಳುಗಿದ್ದರೂ ಯಂತ್ರವು ಕೆಡದೆಂದು ಅರ್ಥ; ಆದರೆ ಆ ಗುರುತು ಧೂಳಿನ ವಿಷಯವನ್ನು ಹೇಳುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ದಿಕ್ಸೂಚಿಯ ವಿಷಯ ಮತ್ತೊಂದು. ಜಿ.ಪಿ.ಎಸ್. ತಾನಾಗಿ ದಿಕ್ಕನ್ನು ಅರಿಯುವುದು ಚಲಿಸುತ್ತಿರುವಾಗ ಮಾತ್ರ. ಹಿಂದಿನ ಸ್ಥಾನ ಮತ್ತು ಈಗಿನ ಸ್ಥಾನಗಳನ್ನು ಹೋಲಿಸಿ ಅದು ದಿಕ್ಕನ್ನು ಎಣಿಸುತ್ತದೆ. ನಿಂತಲ್ಲಿಯೇ ದಿಕ್ಕು ತಿಳಿಯಬೇಕಾದರೆ ಯಂತ್ರದಲ್ಲಿ ಬೇರೆಯೇ ವಿದ್ಯುನ್ಮಾನ ದಿಕ್ಸೂಚಿ ಇರಬೇಕು. ವಾಹನವನ್ನು ಬಿಟ್ಟು ನಡೆಯುವವರಿಗೆ ಇದು ಬೇಕು. ಇಲ್ಲವಾದರೆ ಅಗ್ಗದ ಮುಳ್ಳಿನ ದಿಕ್ಸೂಚಿಯೊಂದನ್ನು ಜೇಬಿನಲ್ಲಿಟ್ಟುಕೊಂಡರೂ ಸಾಕು.

ನಡೆದ ದಾರಿಯನ್ನು ಹೆಜ್ಜೆಹೆಜ್ಜೆಗೂ ದಾಖಲಿಸಿ, ಅದೇ ಜಾಡಿನಲ್ಲಿ ಹಿಂದಿರುಗಿಸುವ ಸೌಲಭ್ಯ ಇರಲೇಬೇಕು. ಹೋದ ದಾರಿ ನಡೆಯಬಲ್ಲ ದಾರಿಯೆಂಬುದು ಹೋದವನಿಗೆ ಗೊತ್ತು. ನಕಾಶೆಯ ಹೊಸ ದಾರಿಯ ಬಗ್ಗೆ ಅಂಥ ಭರವಸೆಯಿಲ್ಲ. ಈ ದಾಖಲೆಯನ್ನು ಜಿ.ಪಿ.ಎಕ್ಸ್. ಎಂಬ ಸರ್ವಸಾಮಾನ್ಯ ರೂಪದಲ್ಲಿ ಹೊರತೆಗೆಯಲು ಬರುವಂತಿದ್ದರೆ ಯಂತ್ರ ಹಳತಾದರೂ ಮಾಹಿತಿ ಉಳಿಯುತ್ತದೆ. ವಾಹನದಿಂದ ವಿದ್ಯುತ್ತು ಪಡೆಯುವುದಾದರೆ ತಂತಿಯಲ್ಲಿ ಫ್ಯೂಸ್ ಇರಬೇಕು; ಕೀಲಿ ತೆಗೆದೊಡನೆ ವಿದ್ಯುತ್ತು ನಿಲ್ಲುವಂತಿರಬೇಕು. ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ವಾಹನದ ಬ್ಯಾಟರಿ ಬರಿದಾಗಿರುವುದು.

ಅಂಕಿಗಳನ್ನು ಬರೆಯುವ ಕ್ರಮ

ಯಂತ್ರವು ಎಷ್ಟೇ ಉತ್ತಮವಾದರೂ ಅಂಕಿಯನ್ನು ಬರೆಯುವ ಕೈ ತಪ್ಪಿದರೆ ಫಲವಿಲ್ಲ. ಕೊಟ್ಟೂರು ಸುಮಾರು ೧೪ ಡಿಗ್ರಿ ೪೯ ನಿಮಿಷ ಉತ್ತರ ಅಕ್ಷಾಂಶ, ೭೬ ಡಿಗ್ರಿ ೧೩ ನಿಮಿಷ ಪೂರ್ವ ರೇಖಾಂಶದಲ್ಲಿದೆ. ಒಂದು ಡಿಗ್ರಿಗೆ ೬೦ ನಿಮಿಷಗಳಾದುದರಿಂದ ದಶಮಾಂಶದಲ್ಲಿ ಇದು ೧೪.೮೨ ಮತ್ತು ೭೬.೨೨ ಆಗುತ್ತದೆ. ಅವಸರದಲ್ಲಿ ಒಬ್ಬನು ೧೪.೪೯, ೭೬.೧೩ ಎಂದು ಬರೆದನೆನ್ನೋಣ. ಈ ಸೀಮೆಯಲ್ಲಿ ಅಕ್ಷಾಂಶದ ಒಂದು ಡಿಗ್ರಿಯು ಸುಮಾರು ೧೧೦.೬ ಕಿಲೋಮೀಟರು, ರೇಖಾಂಶದ ಒಂದು ಡಿಗ್ರಿಯು ಸುಮಾರು ೧೦೭.೫ ಕಿಲೋಮೀಟರು. ಹಾಗಾಗಿ ಆ ಅಂಕಿಯನ್ನು ನಂಬಿ ಹೊರಟವನು ಕೊಟ್ಟೂರಿಗೆ ಸುಮಾರು ೩೬ ಕಿಲೋಮೀಟರು ತೆಂಕಲಿಗೂ ೯ ಕಿಲೋಮೀಟರು ಪಡುವಲಿಗೂ ಸರಿದು, ದಾವಣಗೆರೆ ಜಿಲ್ಲೆಯ ನೆಲದಲ್ಲಿ ನಿಲ್ಲುವನು. ಗಾಯಗೊಂಡವರಿಗಾಗಿ ೧೧೨ಕ್ಕೆ ಕರೆ ಮಾಡಿ ಸ್ಥಾನವನ್ನು ತಿಳಿಸುವಾಗ ಈ ತಪ್ಪು ಪ್ರಾಣದ ಬೆಲೆಯದ್ದಾದೀತು. ಡಿಗ್ರಿ, ನಿಮಿಷಗಳೋ, ದಶಮಾಂಶವೋ ಎಂಬುದನ್ನು ತಂಡದವರೆಲ್ಲರೂ ಹೊರಡುವ ಮೊದಲೇ ನಿಶ್ಚಯಿಸಿಕೊಳ್ಳಬೇಕು.

ಕಾಗದದ ನಕಾಶೆಯನ್ನು ಬಳಸುವವರಿಗೆ ಮತ್ತೊಂದು ಸೂಕ್ಷ್ಮವಿದೆ. ೧೭೬೭ರಲ್ಲಿ ಸ್ಥಾಪಿತವಾದ ಸರ್ವೆ ಆಫ್ ಇಂಡಿಯಾ ಇಲಾಖೆಯ ೧:೫೦,೦೦೦ ಪ್ರಮಾಣದ ಹಾಳೆಗಳು ಇಂದಿಗೂ ಅಮೂಲ್ಯವಾದವು. ಅವುಗಳಲ್ಲಿ ಎರಡು ಸೆಂಟಿಮೀಟರು ನೆಲದ ಮೇಲಿನ ಒಂದು ಕಿಲೋಮೀಟರಿಗೆ ಸಮ. ಹಳೆಯ ಹಾಳೆಗಳನ್ನು ಎವರೆಸ್ಟ್ ಗೋಳಮಾನದ ಆಧಾರದಿಂದ ರಚಿಸಲಾಗಿದೆ; ಜಿ.ಪಿ.ಎಸ್. ಬಳಸುವುದು ಡಬ್ಲ್ಯೂ.ಜಿ.ಎಸ್.-೮೪ ಎಂಬ ಮಾನವನ್ನು. ಒಂದರ ಅಂಕಿಯನ್ನು ಮತ್ತೊಂದರಲ್ಲಿ ಗುರುತಿಸಿದರೆ ಈ ಸೀಮೆಯಲ್ಲಿ ನೂರು ಮೀಟರಿಗಿಂತಲೂ ಹೆಚ್ಚು ವ್ಯತ್ಯಾಸ ಬೀಳುತ್ತದೆ. ಇಂಥ ಮಾನವನ್ನು ಬದಲಾಯಿಸುವ ಸೌಲಭ್ಯವು ಕೈಯಲ್ಲಿ ಹಿಡಿಯುವ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುತ್ತದೆ.

ಕಾನೂನಿನ ಎಚ್ಚರ

ವಾಹನ ನಡೆಸುವಾಗ ಕೈಯಲ್ಲಿ ಹಿಡಿಯುವ ಸಾಧನವನ್ನು ದಾರಿ ತಿಳಿಯುವುದಕ್ಕೆ ಮಾತ್ರ, ಗಮನ ಕದಡದಂತೆ, ಬಳಸಬಹುದೆಂದು ೨೦೨೦ರ ಅಕ್ಟೋಬರ್ ೧ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿ ಹೇಳುತ್ತದೆ. ತೆರೆಯನ್ನು ಒತ್ತುವ ಕೆಲಸವನ್ನು ವಾಹನ ನಿಲ್ಲಿಸಿಯೇ ಮಾಡುವುದು ವಿವೇಕ.

ಹೊರದೇಶಗಳಲ್ಲಿರುವ ಹಳೆಯ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಅಲ್ಲಿ ಮಾರಾಟವಾಗುವ ಕೆಲವು ಯಂತ್ರಗಳು ಸ್ಥಾನವನ್ನು ಅರಿಯುವುದಲ್ಲದೆ ಉಪಗ್ರಹದ ಮೂಲಕ ಸಂದೇಶವನ್ನೂ ಕಳುಹಿಸುತ್ತವೆ. ಥುರಾಯಾ, ಇರಿಡಿಯಂ ಮೊದಲಾದ ಉಪಗ್ರಹ ದೂರವಾಣಿಗಳನ್ನೂ ಇಂಥ ಸಂದೇಶ ಯಂತ್ರಗಳನ್ನೂ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಭಾರತಕ್ಕೆ ತರುವುದು ಅಪರಾಧ. ಶಾಲೆಗೆ ಕಾಣಿಕೆಯೆಂದು ತಂದ ವಸ್ತುವಿನಿಂದ ವಿಮಾನ ನಿಲ್ದಾಣದಲ್ಲಿಯೇ ಸಂಕಟ ಒದಗಬಾರದು. ಸಂಕೇತವನ್ನು ಕೇವಲ ಸ್ವೀಕರಿಸುವ ಯಂತ್ರವು ದೇಶದಲ್ಲಿಯೇ ದೊರೆಯುತ್ತದೆ. ಅದನ್ನು ಇಲ್ಲಿಯೇ ಕೊಳ್ಳುವುದು ಲೇಸು.

ಶಾಲೆಗೆ ಕೊಳ್ಳುವುದಾದರೆ

ಮೇಲಿನ ವಿವೇಚನೆಯಿಂದ ಒಂದು ತೀರ್ಮಾನವು ತಾನಾಗಿ ಮೂಡುತ್ತದೆ. ಒಬ್ಬನೇ ಪ್ರವಾಸಿಗೆ ನಕಾಶೆ ಇಳಿಸಿಕೊಂಡ ಮೊಬೈಲ್ ದಾರಿ ನೋಡುವುದಕ್ಕೆ ಸಾಕು; ಅದರ ಜೊತೆಗೆ ಗುಂಡಿಗಳ ಸಾಮಾನ್ಯ ಯಂತ್ರವೊಂದು ಇದ್ದರೆ ಒಂದು ಕೈಕೊಟ್ಟಾಗ ಮತ್ತೊಂದು ಒದಗುತ್ತದೆ. ಶಾಲೆಗಾದರೆ ಬೆಲೆಬಾಳುವ ಒಂದು ಯಂತ್ರಕ್ಕಿಂತ ಸಾಧಾರಣವಾದ ಎರಡು ಮೂರು ಯಂತ್ರಗಳೇ ಹೆಚ್ಚು ಉಪಯುಕ್ತ. ಗಾಜಿನ ಬೀರುವಿನೊಳಗಿನ ಒಂದು ಯಂತ್ರವನ್ನು ಮಕ್ಕಳು ನೋಡಿಯಾರು. ಕೈಗೆ ಬಂದ ಮೂರು ಯಂತ್ರಗಳಿಂದ ಕಲಿತಾರು.

ಅವರು ಅದರಿಂದ ಮಾಡಬಹುದಾದ ಕೆಲಸವೂ ಕಣ್ಣೆದುರಿಗಿದೆ. ಬಾಗಳಿಯ ಕಲ್ಲೇಶ್ವರ, ನೀಲಗುಂದದ ಭೀಮೇಶ್ವರ, ಕುರುವತ್ತಿಯ ಮಲ್ಲಿಕಾರ್ಜುನ ಮೊದಲಾದ ಚಾಳುಕ್ಯ ಶೈಲಿಯ ದೇಗುಲಗಳು ಈ ಸೀಮೆಯ ಹಿರಿಮೆ. ಅಲೆಕ್ಸಾಂಡರ್ ರೀ ಎಂಬ ವಿದ್ವಾಂಸನು ಆಗಿನ ಬಳ್ಳಾರಿ ಜಿಲ್ಲೆಯ ಇಂಥ ದೇಗುಲಗಳನ್ನು ಕುರಿತ ಗ್ರಂಥವನ್ನು ೧೮೯೬ರಲ್ಲಿ ಪ್ರಕಟಿಸಿದನು. ದೊಡ್ಡ ದೇಗುಲಗಳು ಗ್ರಂಥಗಳಲ್ಲಿ ಸೇರಿವೆ. ಹೊಲದ ಬದುವಿನಲ್ಲಿ ವಾಲಿ ನಿಂತ ವೀರಗಲ್ಲು, ಊರ ಹೊರಗಿನ ಮಾಸ್ತಿಕಲ್ಲು, ಹೂಳು ತುಂಬಿದ ಬಾವಿ, ಕೆರೆಯ ಹಳೆಯ ತೂಬು ಇವುಗಳ ಸ್ಥಾನವನ್ನು ಬಲ್ಲವರು ಊರಿನ ಹಿರಿಯರು ಮಾತ್ರ. ರಸ್ತೆ ಅಗಲವಾದಾಗ, ಹೊಲ ಕೈ ಬದಲಾದಾಗ ಇವು ಇಲ್ಲವಾಗುತ್ತವೆ. ಹಿರಿಯರು ಹೋದೊಡನೆ ಇದ್ದವೆಂಬ ನೆನಪೂ ಹೋಗುತ್ತದೆ.

ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಅಜ್ಜಂದಿರನ್ನು ಜೊತೆಗೆ ಕರೆದೊಯ್ದು, ಕಲ್ಲಿನಿಂದ ಒಂದೆರಡು ಮಾರು ಸರಿದು ಬಯಲಿನಲ್ಲಿ ನಿಂತು, ಯಂತ್ರದ ಅಂಕಿ ನಿಂತ ಮೇಲೆ ದಶಮಾಂಶದ ಐದು ಸ್ಥಾನಗಳವರೆಗೆ ಬರೆದುಕೊಳ್ಳಬಹುದು. ಐದನೆಯ ಸ್ಥಾನವು ಸುಮಾರು ಒಂದು ಮೀಟರಿಗೆ ಸಮವಾದುದರಿಂದ ಅದಕ್ಕಿಂತ ಹೆಚ್ಚು ಅಂಕಿಗಳು ವ್ಯರ್ಥ. ದೇಗುಲವಾದರೆ ಗರ್ಭಗುಡಿಯೊಳಗೆ ಸಂಕೇತ ದೊರೆಯದು, ಅಂಗಳದಲ್ಲಿ ಅಳೆಯಬೇಕು. ಅಂಕಿಯ ಪಕ್ಕದಲ್ಲಿ ದಿನಾಂಕ, ಊರವರು ಕರೆಯುವ ಹೆಸರು, ತಿಳಿಸಿದವರ ಮಾತು, ಹೋದ ದಾರಿಯ ಮಣ್ಣು ಮತ್ತು ನೀರಿನ ಸ್ಥಿತಿ ಇವಿಷ್ಟನ್ನು ಗುರುತಿಸಿಟ್ಟರೆ ಆ ಪುಸ್ತಕವು ಯಾವ ಅಂಗಡಿಯಲ್ಲಿಯೂ ದೊರೆಯದ ನಕಾಶೆಯಾಗುತ್ತದೆ.

ಈ ನೆಲದ ಆಡಳಿತದ ಗೆರೆಗಳು ಎಷ್ಟೋ ಸಲ ಬದಲಾದವು. ಮದರಾಸು ಪ್ರಾಂತದಲ್ಲಿದ್ದ ಈ ತಾಲ್ಲೂಕುಗಳು ೧೯೫೩ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದವು. ಹರಪನಹಳ್ಳಿಯು ೧೯೯೭ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ ಮತ್ತೆ ಬಳ್ಳಾರಿಗೆ ಮರಳಿತು. ಕೂಡ್ಲಿಗಿಯಲ್ಲಿದ್ದ ಕೊಟ್ಟೂರು ತಾನೇ ತಾಲ್ಲೂಕಾಯಿತು. ೨೦೨೧ರಲ್ಲಿ ಎಲ್ಲವೂ ವಿಜಯನಗರ ಜಿಲ್ಲೆಯಲ್ಲಿ ಒಂದಾದವು. ವಿಳಾಸ ಬದಲಾಯಿತು, ಬಾಗಳಿಯ ದೇಗುಲವು ನಿಂತ ಅಕ್ಷಾಂಶ ರೇಖಾಂಶಗಳು ಬದಲಾಗಲಿಲ್ಲ. ಸ್ಥಾನವನ್ನು ಸರಿಯಾಗಿ ಬರೆದಿಡುವುದಕ್ಕೆ ಯಂತ್ರ ಬೇಕು. ಅಲ್ಲಿಗೆ ಹೋಗುವ ದಾರಿಯನ್ನೂ ಅಲ್ಲಿರುವುದರ ಬೆಲೆಯನ್ನೂ ತಿಳಿಯುವುದಕ್ಕೆ ಕೆರೆಯ ಏರಿಯ ಮೇಲೆ ಕುಳಿತ ಹಿರಿಯರನ್ನು ಇಂದಿಗೂ ಕೇಳಬೇಕು. ಈ ಎರಡನ್ನೂ ಮಕ್ಕಳಿಗೆ ಒಟ್ಟಿಗೆ ಒದಗಿಸುವಂಥ ಉಪಕರಣವೇ ಶಾಲೆಗೆ ತಕ್ಕ ಉಪಕರಣ.